ಪಂಪ್‌ಸೆಟ್ಟಿಗೂ ಒಂದು ಸರದಿ: ವಿದ್ಯುತ್ ಬೇಡಿಕೆಯನ್ನು ಸರಿಸುವ ಬಗೆ



ಕಳೆದ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಈರುಳ್ಳಿ ಬೆಳೆ ನೋಡಲು ಹೋಗಿದ್ದೆ. ಗಡ್ಡೆ ಕಟ್ಟುವ ಹೊತ್ತು. ಆದರೆ ಹೊಲದ ಯಜಮಾನರು ನನ್ನನ್ನು ಕರೆದುಕೊಂಡು ಹೋದದ್ದು ಬೆಳೆಯ ಹತ್ತಿರಕ್ಕಲ್ಲ, ಎಣ್ಣೆ ಸೋರಿ ಕಪ್ಪಗಾಗಿದ್ದ ಟಿ.ಸಿ. ಕಂಬದ ಹತ್ತಿರಕ್ಕೆ. "ಹತ್ತು ಮೋಟಾರು ಒಂದೇ ಸಲ ಎದ್ದವು ಸಾರ್, ಇದು ಕೂತ್ಕಂತು. ಒಂಬತ್ತು ದಿನ ಆತು" ಎಂದರು. ಒಂಬತ್ತು ದಿನ ನೀರಿಲ್ಲದ ಈರುಳ್ಳಿಗೆ ನಾನು ಹೇಳಬಹುದಾಗಿದ್ದ ಗೊಬ್ಬರದ ಶಿಫಾರಸಿನಿಂದ ಯಾವ ಪ್ರಯೋಜನವೂ ಇರಲಿಲ್ಲ.

ಆ ದಿನ ಹಿಂತಿರುಗುವಾಗ ಈ ಪಾಠವನ್ನು ಬರೆಯಬೇಕೆನಿಸಿತು. ವಿದ್ಯುತ್ತಿನ ವಿಷಯ ಎಂಜಿನಿಯರರದ್ದು, ಬೇಸಾಯಶಾಸ್ತ್ರದವನಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ನೀರನ್ನು ಯಾವಾಗ ಕೊಡಬೇಕು, ಎಷ್ಟು ದಿನ ತಡೆಯಬಹುದು ಎಂಬುದು ಬೇಸಾಯಶಾಸ್ತ್ರದ ಪ್ರಶ್ನೆಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ವಿದ್ಯುತ್ತಿನ ಸಮಸ್ಯೆಯ ಅರ್ಧಭಾಗ ಆ ಪ್ರಶ್ನೆಯಲ್ಲಿಯೇ ಅಡಗಿದೆ.

ತಂತಿಯಲ್ಲಿ ದಾಸ್ತಾನು ಇಲ್ಲ

ಸೂಳೆಕೆರೆಯ ನೀರನ್ನು ಇಂದು ಬಿಡದಿದ್ದರೆ ನಾಳೆ ಬಿಡಬಹುದು. ತಂತಿಯಲ್ಲಿ ಹರಿಯುವ ವಿದ್ಯುಚ್ಛಕ್ತಿಗೆ ಅಂಥ ಕೆರೆಯಿಲ್ಲ. ಉತ್ಪಾದನೆಯಾದದ್ದು ಆ ಕ್ಷಣದಲ್ಲಿಯೇ ಬಳಕೆಯಾಗಬೇಕು, ಬೇಕಾದದ್ದು ಆ ಕ್ಷಣದಲ್ಲಿಯೇ ಉತ್ಪಾದನೆಯಾಗಬೇಕು. ಬೇಡಿಕೆ ಹೆಚ್ಚಾದರೆ ಉತ್ಪಾದನಾ ಯಂತ್ರಗಳ ವೇಗ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಸೆಕೆಂಡಿಗೆ 50 ಆವರ್ತ ಎಂಬ ಗುರುತನ್ನು ಬಿಟ್ಟು ಬಹಳ ಸರಿದರೆ ಜಾಲವೇ ಕಳಚಿಕೊಳ್ಳುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಕೋಟ್ಯಂತರ ಜನ ಕತ್ತಲೆಯಲ್ಲಿ ಕುಳಿತದ್ದು ನಿಮಗೆ ನೆನಪಿರಬಹುದು. ಆಗ ನಾವು ಪಾರಾದೆವು. ಕಾರಣ, ದಕ್ಷಿಣದ ಜಾಲ ಆಗಿನ್ನೂ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ಅದು ದೇಶದ ಜಾಲದೊಡನೆ ಒಂದಾಯಿತು. ಅಂದಿನಿಂದ ಜಗಳೂರಿನ ಪಂಪು, ಪಂಜಾಬಿನ ಪಂಪು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ಬೇಡಿಕೆಯನ್ನು ಜನರೇ ಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ದಿನವನ್ನು ನೆನೆಯಬಹುದು. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದ ಮನೆಗಳವರು 9 ನಿಮಿಷ ದೀಪ ಆರಿಸಿದರು. ಬೇಡಿಕೆ ಸುಮಾರು 31,000 ಮೆಗಾವ್ಯಾಟಿನಷ್ಟು ಕುಸಿಯಿತು. ಹೊತ್ತು ಮೊದಲೇ ತಿಳಿದಿದ್ದುದರಿಂದ ಜಲವಿದ್ಯುತ್ ಕೇಂದ್ರಗಳು ಉತ್ಪಾದನೆಯನ್ನು ಇಳಿಸಿ ಮತ್ತೆ ಏರಿಸಿ ಜಾಲವನ್ನು ಕಾಪಾಡಿದವು. ಮೊದಲೇ ತಿಳಿದಿತ್ತು ಎಂಬ ಮಾತನ್ನು ಗಮನದಲ್ಲಿಡಿ, ಮುಂದೆ ಅದು ಬೇಕಾಗುತ್ತದೆ.

ಹಿಂದೆ ನಮ್ಮ ರಾಜ್ಯಕ್ಕೆ ಇದು ಅಷ್ಟು ಕಷ್ಟವಾಗಿರಲಿಲ್ಲ. ಶರಾವತಿಯ 1,035 ಮೆಗಾವ್ಯಾಟಿನ ಕೇಂದ್ರದಲ್ಲಿ ಬೇಕೆಂದಾಗ ಬಾಗಿಲು ತೆರೆದರೆ ಸಾಕಾಗಿತ್ತು. ಈಗ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಬಿಸಿಲು ನಮ್ಮ ಮಾತು ಕೇಳುವುದಿಲ್ಲ. ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರವರೆಗೆ ವಿದ್ಯುತ್ತು ಧಾರಾಳ, ಸಂಜೆ 6ರಿಂದ 10ರವರೆಗೆ ಎಳೆದಾಟ. ನಾವು ಹಗಲು ಪಂಪು ಓಡಿಸಿದರೆ ಲಿಂಗನಮಕ್ಕಿಯ ನೀರು ಸಂಜೆಯ ದೀಪಕ್ಕೆ ಉಳಿಯುತ್ತದೆ, ರಾತ್ರಿ ಓಡಿಸಿದರೆ ಅದು ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಇದರ ಬಿಸಿ ತಟ್ಟುವುದು ನಮಗೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ, ಪಂಪ್‌ಸೆಟ್ಟುಗಳಿಗೆ ಕೊಡುತ್ತಿದ್ದ 7 ಗಂಟೆಯ ಮೂರು ಫೇಸ್ ವಿದ್ಯುತ್ತು ಕೆಲವು ಕಾಲ 5 ಗಂಟೆಗೆ ಇಳಿದಿತ್ತು.

ಬೇಡಿಕೆಯನ್ನು ವಿದ್ಯುತ್ತು ಧಾರಾಳವಾಗಿರುವ ಹೊತ್ತಿಗೆ ಸರಿಸುವ ಈ ವಿದ್ಯೆಯ ಮೇಲೆ ಹೊರದೇಶಗಳಲ್ಲಿ ಬಹಳ ಸಂಶೋಧನೆ ನಡೆಯುತ್ತಿದೆ. ವಿದ್ಯೆ ಹೊಸದಲ್ಲ. ಇಂಗ್ಲೆಂಡಿನಲ್ಲಿ 1978ರಿಂದಲೇ ರಾತ್ರಿ 7 ಗಂಟೆ ಕಾಲ ಅಗ್ಗದ ದರ ಇಟ್ಟಿದ್ದರು. ಆ ಹೊತ್ತಿನಲ್ಲಿ ಪೆಟ್ಟಿಗೆಯೊಳಗಿನ ಇಟ್ಟಿಗೆಗಳನ್ನು ಕಾಯಿಸಿಟ್ಟರೆ ಹಗಲೆಲ್ಲ ಮನೆ ಬೆಚ್ಚಗಿರುತ್ತಿತ್ತು. ಅವರದ್ದೂ 7 ಗಂಟೆ, ನಮ್ಮದೂ 7 ಗಂಟೆ! ಅವರು ಶಾಖವನ್ನು ಇಟ್ಟಿಗೆಯಲ್ಲಿ ಕೂಡಿಡುತ್ತಿದ್ದರು, ನಾವು ನೀರನ್ನು ಮಣ್ಣಿನಲ್ಲಿ ಕೂಡಿಡಬೇಕು. ಈ ದೃಷ್ಟಿಯಿಂದ ನೋಡಿದರೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊಂದಿಕೊಳ್ಳಬಲ್ಲ ಗ್ರಾಹಕ ರೈತನೇ. ದೀಪವನ್ನು ನಾಳೆ ಉರಿಸುತ್ತೇನೆ ಎನ್ನಲಾಗದು. ಹಿಟ್ಟಿನ ಗಿರಣಿಯವರಿಗೆ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ. ತೋಟಕ್ಕೆ ಬೆಳಿಗ್ಗೆ 8ಕ್ಕೆ ಬರುವ ನೀರು 12ಕ್ಕೆ ಬಂದರೆ ಮರಕ್ಕೆ ಗೊತ್ತೇ ಆಗುವುದಿಲ್ಲ.

ನಿಮ್ಮ ನೀರಿನ ತೂಕ ಎಷ್ಟು?

ಪಂಪಿನ ಲೆಕ್ಕ ಕಠಿಣವಲ್ಲ. ಒಂದು ಸಾವಿರ ಲೀಟರ್ ನೀರನ್ನು 150 ಮೀಟರ್, ಅಂದರೆ ಸುಮಾರು 500 ಅಡಿ ಮೇಲೆತ್ತಲು ಬರಿಯ ಭಾರದ ಲೆಕ್ಕದಲ್ಲಿ 0.4 ಯೂನಿಟ್ ಬೇಕು. ಮೋಟಾರು, ಪಂಪು, ಪೈಪುಗಳಲ್ಲಿ ಹೋಗುವ ನಷ್ಟ ಕಳೆದರೆ ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ 40ರಷ್ಟು ಕೆಲಸಕ್ಕೆ ಬಂದರೆ ಹೆಚ್ಚು. ಆದ್ದರಿಂದ ಸಾವಿರ ಲೀಟರಿಗೆ ಒಂದು ಯೂನಿಟ್ ಎಂದು ಇಟ್ಟುಕೊಳ್ಳಿ. ಇದೇ ಲೆಕ್ಕದಲ್ಲಿ ಹೊನ್ನಾಳಿಯ ಬಳಿ ತುಂಗಭದ್ರೆಯ ದಂಡೆಯಿಂದ 10 ಮೀಟರ್ ಎತ್ತಿದರೆ ಸಾವಿರ ಲೀಟರಿಗೆ 0.07 ಯೂನಿಟ್ ಸಾಕು. ಅದೇ ನೀರು, ಅದೇ ಜಿಲ್ಲೆ. ಆದರೂ ಜಗಳೂರಿನ ಆಳದ ಕೊಳವೆ ಬಾವಿಯ ನೀರು ಹದಿನೈದು ಪಟ್ಟು ಭಾರ.

ಈ ಆಳದಲ್ಲಿ 7.5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪು ಸುಮಾರು 7 ಕಿಲೋವ್ಯಾಟ್ ಎಳೆದುಕೊಂಡು ಗಂಟೆಗೆ 6,800 ಲೀಟರ್ ಕೊಡುತ್ತದೆ. ಬಾವಿಯಲ್ಲಿ ಅಷ್ಟು ನೀರಿದ್ದರೆ ಎಂಬ ಮಾತನ್ನು ನಾನು ಹೇಳಬೇಕಾಗಿಲ್ಲ. ಇನ್ನು ಬೆಳೆಯ ಕಡೆಯಿಂದ ನೋಡೋಣ. 9 ಅಡಿಗೆ 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 538 ಅಡಿಕೆ ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂಬುದು ಶಿಫಾರಸು. ಬಿರುಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು ಬೇಕಾಗಬಹುದು. 20 ಲೀಟರ್ ಹಿಡಿದರೆ ಎಕರೆಗೆ 10,760 ಲೀಟರ್, ಅಂದರೆ ಪಂಪು ಓಡಬೇಕಾದದ್ದು ಒಂದು ಗಂಟೆ ಮೂವತ್ತೈದು ನಿಮಿಷ. ಎರಡು ಎಕರೆ ತೋಟಕ್ಕೆ ಮೂರು ಗಂಟೆ ಹತ್ತು ನಿಮಿಷ.

ಮೂರು ಫೇಸ್ ಇರುವುದು 7 ಗಂಟೆ. ಉಳಿದ ನಾಲ್ಕು ಗಂಟೆ ಪಂಪು ಏಕೆ ಓಡುತ್ತದೆ? ಚನ್ನಗಿರಿಯ ಎಷ್ಟೋ ತೋಟಗಳಲ್ಲಿ ನಾನು ಈ ಪ್ರಶ್ನೆ ಕೇಳಿದ್ದೇನೆ. ಉತ್ತರ ಒಂದೇ: "ಕರೆಂಟ್ ಐತಲ್ಲ ಸಾರ್, ಓಡ್ಲಿ ಬಿಡಿ. ನಾಳೆ ಇರ್ತದೋ ಇಲ್ಲೋ." ಇದನ್ನು ದಡ್ಡತನವೆನ್ನಲು ನಾನು ತಯಾರಿಲ್ಲ. ನಾಳೆಯ ಭರವಸೆ ಇಲ್ಲದವನು ಇಂದು ತುಂಬಿಸಿಕೊಳ್ಳುತ್ತಾನೆ. ಆದರೆ ಹತ್ತು ಜನ ಹಾಗೆ ತುಂಬಿಸಿಕೊಳ್ಳಹೊರಟಾಗ ಟಿ.ಸಿ. ಸುಡುತ್ತದೆ. ಆಮೇಲೆ ನಾಳೆ ಖಂಡಿತವಾಗಿ ಇರುವುದಿಲ್ಲ!

ಹತ್ತು ಪಂಪು, ಒಂದು ಟಿ.ಸಿ.

ಹೊಲಗಳ ನಡುವೆ ಸಾಮಾನ್ಯವಾಗಿ ಕಾಣುವುದು 63 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ. ಅದರ ಮೇಲೆ ತಲಾ 7 ಕಿಲೋವ್ಯಾಟಿನ ಹತ್ತು ಪಂಪುಗಳಿವೆ ಎನ್ನೋಣ. ಒಟ್ಟು 70 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಟಿ.ಸಿ.ಯ ಮೇಲಿನ ಹೊರೆ 87 ಕೆ.ವಿ.ಎ. ಅರವತ್ಮೂರು ಹೊರುವ ಹೆಗಲಿಗೆ ಎಂಬತ್ತೇಳು. ಸಾಲದ್ದಕ್ಕೆ ಮೋಟಾರು ಏಳುವ ಗಳಿಗೆಯಲ್ಲಿ, ನೇರವಾಗಿ ಲೈನಿಗೆ ಬಿದ್ದರೆ, ಓಡುವಾಗಿನ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಎಲ್ಲರ ಸ್ಟಾರ್ಟರ್ ಪೆಟ್ಟಿಗೆಯಲ್ಲಿಯೂ ಆಟೋ ಸ್ವಿಚ್ ಇರುವುದರಿಂದ ವಿದ್ಯುತ್ತು ಬಂದ ಕ್ಷಣದಲ್ಲಿಯೇ ಹತ್ತೂ ಏಳುತ್ತವೆ. ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದರೆ ಓಡುತ್ತಿರುವ ಮೋಟಾರು ಇನ್ನಷ್ಟು ಕರೆಂಟು ಎಳೆದು ಕಾಯುತ್ತದೆ. ಕಾಯಿಲ್ ಸುಟ್ಟರೆ 500 ಅಡಿ ಪೈಪು ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ಎಷ್ಟೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 10 ಅಶ್ವಶಕ್ತಿಯವರೆಗೆ ವಿದ್ಯುತ್ತಿಗೆ ಬಿಲ್ಲು ಇಲ್ಲ, ನಿಜ. ಆ ಬಿಲ್ಲನ್ನು ನಾವು ವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಿದ್ದೇವೆ.

ಈಗ ಇದೇ ಹತ್ತು ಪಂಪುಗಳನ್ನು ಐದೈದರ ಎರಡು ತಂಡ ಮಾಡಿ. ಮೊದಲ ಮೂರೂವರೆ ಗಂಟೆ ಒಂದು ತಂಡ, ನಂತರದ ಮೂರೂವರೆ ಗಂಟೆ ಇನ್ನೊಂದು. ಹೊರೆ 44 ಕೆ.ವಿ.ಎ.ಗೆ ಇಳಿಯಿತು. ಎರಡು ಎಕರೆ ಅಡಿಕೆಗೆ ಬೇಕಾದ ಮೂರು ಗಂಟೆ ಹತ್ತು ನಿಮಿಷ ಪ್ರತಿಯೊಬ್ಬರಿಗೂ ಸಿಕ್ಕಿತು. ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಕರೆಂಟು ಅರ್ಧವಾದರೆ ಗಂಟೆಗಂಟೆಯ ನಷ್ಟ ಕಾಲುಭಾಗ. ಅದೇ ಕೆಲಸಕ್ಕೆ ಎರಡರಷ್ಟು ಹೊತ್ತು ಓಡಿಸಿದರೂ ಒಟ್ಟು ನಷ್ಟ ಮೊದಲಿನ ಅರ್ಧ. ಲೈನಿನ ಕೊನೆಯಲ್ಲಿರುವವರಿಗೆ ಇದರ ಗುಣ ಮೊದಲು ತಿಳಿಯುತ್ತದೆ: ಗುಂಯ್‌ಗುಡುತ್ತಾ ನಿಲ್ಲುತ್ತಿದ್ದ ಮೋಟಾರು ಸಲೀಸಾಗಿ ಏಳುತ್ತದೆ.

ಕೊಳವೆ ಬಾವಿಗೂ ಇದರಿಂದ ಹಿತ. ನಮ್ಮದು ಗಟ್ಟಿ ಶಿಲೆಯ ನಾಡು. ನೀರು ಇರುವುದು ಬಿರುಕುಗಳಲ್ಲಿ, ಅದು ಬಾವಿಗೆ ಬರುವುದು ನಿಧಾನವಾಗಿ. ಅಕ್ಕಪಕ್ಕದ ಎರಡು ಬಾವಿಗಳು ಒಂದೇ ಹೊತ್ತಿನಲ್ಲಿ ಎಳೆದರೆ ಎರಡರ ಮಟ್ಟವೂ ಒಂದರಿಂದೊಂದು ಕುಸಿಯುತ್ತದೆ. ಪಂಪು ಇನ್ನೂ ಆಳದಿಂದ ಎತ್ತಬೇಕು, ಕೊನೆಗೆ ಗಾಳಿ ಎಳೆಯುತ್ತದೆ. ಸರದಿಯಲ್ಲಿ ಎಳೆದರೆ ಒಂದು ದುಡಿಯುವಾಗ ಇನ್ನೊಂದಕ್ಕೆ ನೀರು ಕೂಡಿಕೊಳ್ಳುತ್ತದೆ. ಆದ್ದರಿಂದ ತಂಡ ಮಾಡುವಾಗ ತೀರ ಹತ್ತಿರದ ಬಾವಿಗಳು ಒಂದೇ ತಂಡಕ್ಕೆ ಬೀಳದಂತೆ ನೋಡಿಕೊಳ್ಳಿ. ಅಣ್ಣತಮ್ಮಂದಿರ ಬಾವಿಗಳು ಸಾಮಾನ್ಯವಾಗಿ ಹತ್ತಿರದಲ್ಲಿಯೇ ಇರುತ್ತವೆ. ಅವರನ್ನು ಬೇರೆ ಬೇರೆ ತಂಡಕ್ಕೆ ಹಾಕುವುದು ಎಲ್ಲ ದೃಷ್ಟಿಯಿಂದಲೂ ಕ್ಷೇಮ.

ಸರದಿಯ ನಿಯಮಗಳು ಸರಳವಾಗಿರಲಿ. ಮೊದಲಿಗೆ ಪ್ರತಿಯೊಬ್ಬರೂ ತಮ್ಮ ಬೆಳೆಗೆ ದಿನಕ್ಕೆ ಎಷ್ಟು ಗಂಟೆ ಬೇಕೆಂದು ಮೇಲಿನಂತೆ ಲೆಕ್ಕ ಹಾಕಿಕೊಳ್ಳಬೇಕು. ಒಮ್ಮೆಗೆ ಐದು ಪಂಪು ಎಂದರೆ 7 ಗಂಟೆಯಲ್ಲಿ ಒಟ್ಟು 35 ಪಂಪು-ಗಂಟೆ ಇದೆ. ಎಲ್ಲರ ಗಂಟೆಗಳ ಮೊತ್ತ ಅದರೊಳಗೆ ಬಂದರೆ ಸರದಿ ನಡೆಯುತ್ತದೆ, ಬಾರದಿದ್ದರೆ ಬೆಳೆಯನ್ನೇ ಮರುಯೋಚಿಸಬೇಕು. ಮೊದಲ ತಂಡ, ಎರಡನೆಯ ತಂಡ ವಾರಕ್ಕೊಮ್ಮೆ ಅದಲುಬದಲಾಗಲಿ. ನಡುವೆ ವಿದ್ಯುತ್ತು ಹೋಗಿ ಯಾರ ಸರದಿ ತಪ್ಪಿತೋ ಅವರಿಗೆ ಮರುದಿನ ಮೊದಲ ಹಕ್ಕು. ಈ ಕೊನೆಯ ನಿಯಮವಿಲ್ಲದ ಕಡೆ ಸರದಿ ಹದಿನೈದು ದಿನವೂ ಬಾಳುವುದಿಲ್ಲ.

ಆಟೋ ಸ್ವಿಚ್ಚನ್ನು ಕಿತ್ತೆಸೆಯಿರಿ ಎಂದು ನಾನು ಹೇಳುವುದಿಲ್ಲ. ರಾತ್ರಿ ಹಾವು ಚೇಳುಗಳ ನಡುವೆ ನಡೆದು ಹೋಗಿ ಸ್ಟಾರ್ಟರ್ ಒತ್ತುವುದನ್ನು ಅದು ತಪ್ಪಿಸಿದೆ. ಅದಕ್ಕೊಂದು ಟೈಮರ್ ಹಾಕಿಸಿ. ವಿದ್ಯುತ್ತು ಬಂದ ಮೇಲೆ ಒಬ್ಬರ ಪಂಪು ಒಂದು ನಿಮಿಷಕ್ಕೆ, ಇನ್ನೊಬ್ಬರದ್ದು ಎರಡು ನಿಮಿಷಕ್ಕೆ, ಮತ್ತೊಬ್ಬರದ್ದು ಮೂರು ನಿಮಿಷಕ್ಕೆ ಏಳುವಂತೆ ಹೊಂದಿಸಿದರೆ ಏಳುವಾಗಿನ ಹೊಡೆತ ಹಂಚಿಹೋಗುತ್ತದೆ. ಬೇಕಾದಷ್ಟು ಹೊತ್ತು ಓಡಿದ ಮೇಲೆ ತಾನೇ ನಿಲ್ಲುವ ಏರ್ಪಾಡೂ ಇರಲಿ. ಮೊಬೈಲ್ ಸ್ಟಾರ್ಟರ್ ಇರುವವರಿಗೆ ಇದು ಕೂತಲ್ಲೇ ಆಗುವ ಕೆಲಸ. ಕೆಪಾಸಿಟರ್ ಜೋಡಿಸಿಲ್ಲದಿದ್ದರೆ ಜೋಡಿಸಿ. 7.5 ಅಶ್ವಶಕ್ತಿಗೆ 3 ಕೆ.ವಿ.ಎ.ಆರ್., 10ಕ್ಕೆ 4 ಸಾಕು. ಆದರೆ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಮೂರು ಫೇಸಿನ ಮೋಟಾರು ಓಡಿಸುವ ಚಾಳಿ ಬಿಡಬೇಕು. ಅದು ಮೋಟಾರನ್ನೂ ಸುಡುತ್ತದೆ, ಮನೆಗಳ ದೀಪವನ್ನೂ ಮಂಕಾಗಿಸುತ್ತದೆ. ಟಿ.ಸಿ.ಯ ಫ್ಯೂಸನ್ನು ನೀವೇ ಹಾಕಲು ಎಂದಿಗೂ ಕೈಹಾಕಬೇಡಿ. ಲೈನ್‌ಮನ್ ಬರುವವರೆಗೆ ಬೆಳೆ ಕಾಯುತ್ತದೆ.

ಎಷ್ಟು ದಿನ ಕಾಯುತ್ತದೆ?

ಇದಕ್ಕೆ ಉತ್ತರ ಮಣ್ಣಿನಲ್ಲಿದೆ. ಮಣ್ಣೇ ನಮ್ಮ ಬ್ಯಾಟರಿ. ಕೆಂಪು ಮರಳುಮಿಶ್ರಿತ ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ಒದಗುವಂಥ ಸುಮಾರು 100 ಮಿಲಿಮೀಟರ್ ನೀರು ಹಿಡಿಯುತ್ತದೆ, ಎರೆಮಣ್ಣು 180ರವರೆಗೆ. ಮೆಕ್ಕೆಜೋಳದ ಬೇರು 60 ಸೆಂಟಿಮೀಟರಿನಿಂದ ನೀರು ಕುಡಿಯುತ್ತದೆ ಎನ್ನೋಣ. ಕೆಂಪು ಮಣ್ಣಿನಲ್ಲಿ ಅಲ್ಲಿರುವುದು 60 ಮಿಲಿಮೀಟರ್. ಅರ್ಧ ಖರ್ಚಾಗುವವರೆಗೆ ಬೆಳೆ ನರಳುವುದಿಲ್ಲ. ದಿನಕ್ಕೆ 5 ಮಿಲಿಮೀಟರ್ ಬಳಕೆಯಾದರೆ 6 ದಿನ. ಎರೆಮಣ್ಣಿನಲ್ಲಿ ಇದೇ ಲೆಕ್ಕದಲ್ಲಿ 10 ದಿನ. ಅಂದರೆ ಎರೆಹೊಲದ ಮೆಕ್ಕೆಜೋಳದವರು ನೆರೆಯವರಿಗೆ ನಾಲ್ಕಾರು ದಿನ ಸರದಿ ಬಿಟ್ಟುಕೊಟ್ಟರೂ ಕಾಳು ಕಡಿಮೆಯಾಗುವುದಿಲ್ಲ. ಸೂಲಂಗಿ ಬರುವಾಗ, ತೆನೆಯ ರೇಷ್ಮೆ ಒಡೆಯುವಾಗ ಮಾತ್ರ ಬಿಟ್ಟುಕೊಡಬಾರದು. ಆ ಹತ್ತು ಹನ್ನೆರಡು ದಿನ ಅವರೇ ಮೊದಲು.

ಈರುಳ್ಳಿಯ ಕಥೆ ಬೇರೆ. ಬೇರು ಒಂದು ಅಡಿ ಮೀರುವುದಿಲ್ಲ. ಮಣ್ಣಿನಲ್ಲಿರುವುದರಲ್ಲಿ ಮೂರನೆಯ ಒಂದು ಭಾಗ ಮುಗಿದರೆ ಸಾಕು, ಗಡ್ಡೆ ಸೊರಗಲಾರಂಭಿಸುತ್ತದೆ. ಕೆಂಪು ಮಣ್ಣಿನಲ್ಲಿ ಅದು ಎರಡು ದಿನದ ಬಂಡವಾಳ. ಜಗಳೂರಿನ ಆ ಯಜಮಾನರ ಒಂಬತ್ತು ದಿನಗಳನ್ನು ಇದರೊಡನೆ ಹೋಲಿಸಿ ನೋಡಿ. ಒಂದೇ ಟಿ.ಸಿ.ಯ ಮೇಲೆ ಮೆಕ್ಕೆಜೋಳ, ಈರುಳ್ಳಿ ಎರಡೂ ಇದ್ದರೆ ಸರದಿಯಲ್ಲಿ ಈರುಳ್ಳಿಗೆ ದಿನ ಬಿಟ್ಟು ದಿನ ಖಾತ್ರಿ ಇರಬೇಕು, ಮೆಕ್ಕೆಜೋಳ ಹೊಂದಿಕೊಳ್ಳಬೇಕು. ಕೀಳುವ ಹತ್ತು ಹದಿನೈದು ದಿನ ಮುಂಚೆ ಈರುಳ್ಳಿಗೆ ನೀರು ನಿಲ್ಲಿಸಲೇಬೇಕಾದ್ದರಿಂದ ಆಗ ಅವರು ತಮ್ಮ ಸರದಿಯನ್ನು ಹಿಂದಿರುಗಿಸಬಹುದು. ಶೇಂಗಾದಲ್ಲಿ ಹೂ ಬಿಟ್ಟು ಊಡು ಇಳಿಯುವ ಕಾಲ, ಕಾಯಿ ತುಂಬುವ ಕಾಲ ಬಿಟ್ಟುಕೊಡುವಂಥದ್ದಲ್ಲ. ಉಳಿದಂತೆ ಅದು ಸಹನೆಯ ಬೆಳೆ.

ಹೊನ್ನಾಳಿಯ ಭದ್ರಾ ಅಚ್ಚುಕಟ್ಟಿನ ಕೊನೆಯಲ್ಲಿರುವವರು ನಾಲೆಯ ನೀರು ಸಾಲದೆ ಭತ್ತಕ್ಕೆ ಪಂಪು ಹಚ್ಚುತ್ತಾರೆ. ಗದ್ದೆಯಲ್ಲಿ ಸದಾ ನೀರು ನಿಂತಿರಬೇಕೆಂಬ ನಂಬಿಕೆ ಬಿಟ್ಟರೆ ಇಲ್ಲಿಯೂ ಅವಕಾಶವಿದೆ. ತೂತು ಕೊರೆದ ಒಂದು ಅಡಿ ಉದ್ದದ ಪೈಪಿನ ತುಂಡನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ನೀರು ಕೊಟ್ಟರೆ ಇಳುವರಿಗೆ ಧಕ್ಕೆಯಿಲ್ಲ ಎಂದು ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಹೂ ಬರುವ ವಾರಗಳಲ್ಲಿ ಮಾತ್ರ ನೀರು ನಿಲ್ಲಿಸಿಕೊಳ್ಳಿ.

ನ್ಯಾಮತಿ, ಸವಳಂಗದ ಕಡೆಯವರು ಒಂದು ಸಂದೇಹ ಕೇಳುವುದುಂಟು: ಸುಡುಬಿಸಿಲಿನಲ್ಲಿ ನೀರು ಕೊಟ್ಟರೆ ಗಿಡ ಬಾಡುವುದಿಲ್ಲವೇ? ಬುಡಕ್ಕೆ ಹನಿಯಾಗಿ ಬೀಳುವ ನೀರಿಗೆ ಈ ಭಯ ಬೇಡ. ತುಂತುರು ನೀರಾವರಿ ಮಾತ್ರ ಮಧ್ಯಾಹ್ನದ ಗಾಳಿಯಲ್ಲಿ ಸರಿಯಾಗಿ ಹರಡುವುದಿಲ್ಲ. ಸ್ಪ್ರಿಂಕ್ಲರ್ ಇರುವವರು ಬೆಳಗಿನ ಸರದಿ ತೆಗೆದುಕೊಳ್ಳಲಿ, ಹನಿಯವರು ಮಧ್ಯಾಹ್ನಕ್ಕೆ ಇರಲಿ. ಕಾಲುವೆಯಲ್ಲಿ ಹಾಯಿಸುವವರ ಪಾಡು ಕಷ್ಟ. ಎಕರೆಗೆ 5 ಸೆಂಟಿಮೀಟರ್ ನೀರು ಕಟ್ಟಲು ಎರಡು ಲಕ್ಷ ಲೀಟರ್, ಅಂದರೆ ಮೇಲೆ ಹೇಳಿದ ಪಂಪಿಗೆ ಮೂವತ್ತು ಗಂಟೆ. ಅರ್ಧ ಹಾದ ಮಡಿಯನ್ನು ಬಿಟ್ಟು ಸರದಿ ಕೊಡಿ ಎಂದರೆ ಯಾರು ಕೇಳುತ್ತಾರೆ? ಹನಿ ನೀರಾವರಿಯಿಂದ ನೀರು ಉಳಿಯುತ್ತದೆ ಎಂದಷ್ಟೇ ನಾವು ಹೇಳುತ್ತಾ ಬಂದಿದ್ದೇವೆ. ಬೇಕೆಂದಾಗ ನಿಲ್ಲಿಸಿ ಬೇಕೆಂದಾಗ ಮುಂದುವರಿಸಬಹುದಾದ ಅನುಕೂಲ ಅದಕ್ಕಿಂತ ಕಡಿಮೆಯದಲ್ಲ.

ಹೊಂಡದ ಮಾತು

2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡಗಳು ಜಗಳೂರಿನಲ್ಲಿ ಬಹಳ ಇವೆ. ಮೇಲೆ 21 ಮೀಟರ್ ಚೌಕ, ತಳದಲ್ಲಿ 15 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ಸುಮಾರು 9 ಲಕ್ಷ 80 ಸಾವಿರ ಲೀಟರ್ ಹಿಡಿಯುತ್ತದೆ. ಮಳೆನೀರಿಗೆಂದು ತೋಡಿದ ಹೊಂಡ ಬೇಸಿಗೆಯಲ್ಲಿ ವಿದ್ಯುತ್ತಿನ ದಾಸ್ತಾನೂ ಆಗಬಲ್ಲದು. ಬಿಸಿಲಿನ ಹೊತ್ತಿನಲ್ಲಿ ಕೊಳವೆ ಬಾವಿಯಿಂದ ಒಂದು ಲಕ್ಷ ಲೀಟರ್ ಎತ್ತಿ ಹೊಂಡಕ್ಕೆ ಬಿಟ್ಟರೆ ನೂರು ಯೂನಿಟ್ ಕೂಡಿಟ್ಟ ಹಾಗೆ. ಅಲ್ಲಿಂದ ಹನಿ ಕೊಳವೆಗೆ ತಳ್ಳಲು ಸಾವಿರ ಲೀಟರಿಗೆ 0.1 ಯೂನಿಟ್ ಸಾಕು. ಒಂದು ಅಶ್ವಶಕ್ತಿಯ ಸಣ್ಣ ಪಂಪು ಆ ಕೆಲಸ ಮಾಡುತ್ತದೆ.

ಆದರೆ ತಿಂಗಳುಗಟ್ಟಲೆ ತುಂಬಿಸಿಡಬೇಡಿ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ ತುಂಬಿದ ಆ ಹೊಂಡದಿಂದ ದಿನಕ್ಕೆ 2,600 ಲೀಟರಿಗೂ ಹೆಚ್ಚು ಗಾಳಿಪಾಲು. 500 ಅಡಿಯಿಂದ ಎತ್ತಿದ ನೀರನ್ನು ಆಕಾಶಕ್ಕೆ ಕೊಡುವುದು ಪಾಪ. ಎರಡು ಮೂರು ದಿನದ ಅಗತ್ಯಕ್ಕಿಂತ ಹೆಚ್ಚು ಇರಕೂಡದು. ಹೊಂಡದ ಸುತ್ತ ಬೇಲಿ ಇರಲಿ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಜಾರಿ ಬಿದ್ದವರು ಮೇಲೆ ಬರುವುದು ಕಷ್ಟ, ಮಕ್ಕಳಂತೂ ಬರಲಾರರು.

ಊರಿನ ಮಟ್ಟದಲ್ಲಿಯೂ ಇದೇ ವಿಚಾರ ಅನ್ವಯಿಸುತ್ತದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ, ಹೊನ್ನಾಳಿಯ ಸಾಸ್ವೆಹಳ್ಳಿ ಏತ ನೀರಾವರಿ, ಚನ್ನಗಿರಿಯ ಉಬ್ರಾಣಿ ಏತ ನೀರಾವರಿ ಇವೆಲ್ಲ ದೊಡ್ಡ ದೊಡ್ಡ ಮೋಟಾರುಗಳ ಕೆಲಸ. ಕೆರೆ ತುಂಬುವುದು ಹಗಲಾದರೇನು, ರಾತ್ರಿಯಾದರೇನು? ಹೊಳೆಯಲ್ಲಿ ನೀರಿದ್ದಾಗ, ಬಿಸಿಲಿನ ಅಥವಾ ಗಾಳಿಯ ವಿದ್ಯುತ್ತು ಹೆಚ್ಚಾಗಿರುವಾಗ ಎತ್ತಬಹುದು, ಸಂಜೆ ನಿಲ್ಲಿಸಬಹುದು. ಸರಿಸಬಹುದಾದ ಬೇಡಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಎರಡು ಎಚ್ಚರಿಕೆಗಳು

ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಮೆಕ್ಕೆಜೋಳದ ನೀರಾವರಿ ಪ್ರಯೋಗವೊಂದನ್ನು ಹಾಕಿದ್ದೆ. ಬೆಳಿಗ್ಗೆ 6ಕ್ಕೆ ನೀರು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ವಿದ್ಯುತ್ತು ಬಂದದ್ದು ನಡುರಾತ್ರಿ. ಆಟೋ ಸ್ವಿಚ್ಚಿನ ಪಂಪು ತಾನೇ ಎದ್ದು, ಬದು ಒಡೆದು, ನೀರು ಕೊಡಬಾರದ ಮಡಿಗಳಿಗೆಲ್ಲ ಕೊಟ್ಟಿತು. ಒಂದು ಹಂಗಾಮಿನ ಅಂಕಿಅಂಶ ಹೋಯಿತು, ಪ್ರಬಂಧ ಒಂದು ವರ್ಷ ತಡವಾಯಿತು. ಅಂದಿನಿಂದ ನೀರಿನ ವೇಳಾಪಟ್ಟಿ ಬರೆಯುವ ಮುನ್ನ ವಿದ್ಯುತ್ತಿನ ವೇಳಾಪಟ್ಟಿ ಕೇಳುತ್ತೇನೆ. ರೈತರು ಸರದಿ ಪಾಲಿಸಬೇಕಾದರೆ ಸರಬರಾಜು ಮಾಡುವವರೂ ಹೇಳಿದ ಹೊತ್ತಿಗೆ ಕೊಡಬೇಕು. ಆ 9 ನಿಮಿಷದ ದಿನ ಜಾಲ ಉಳಿದದ್ದು ಹೊತ್ತು ಮೊದಲೇ ತಿಳಿದಿದ್ದರಿಂದ. ಫೀಡರಿನ ವಾರದ ವೇಳಾಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಿಸುವಂತೆ ಬೆಸ್ಕಾಂ ಶಾಖಾ ಕಚೇರಿಯನ್ನು ಲಿಖಿತವಾಗಿ ಕೇಳಿ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಕೃಷಿ ಫೀಡರುಗಳಿಗೇ ಸೌರ ಘಟಕ ಜೋಡಿಸುವ ಅವಕಾಶವಿದೆ. ಅದು ಬಂದ ಕಡೆ ಹಗಲು ವಿದ್ಯುತ್ತಿನ ಮಾತು ಸುಲಭವಾಗುತ್ತದೆ.

ಎರಡನೆಯದು ನಾನು ಹೆಚ್ಚು ಹೆದರುವ ವಿಷಯ. ಸರದಿಯಿಂದಲೋ ಹನಿಯಿಂದಲೋ ದಿನಕ್ಕೆ ಮೂರು ಗಂಟೆ ಉಳಿಯಿತೆಂದು ಇನ್ನೆರಡು ಎಕರೆಗೆ ಅಡಿಕೆ ಸಸಿ ನೆಟ್ಟರೆ ಇಷ್ಟೆಲ್ಲ ಲೆಕ್ಕ ನೀರಿನಲ್ಲಿ ಹೋಮ. ಜಗಳೂರು, ಚನ್ನಗಿರಿಗಳು ಅಂತರ್ಜಲ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಹಲವು ವರ್ಷ ಕಾಣಿಸಿಕೊಂಡಿವೆ. ಚನ್ನಗಿರಿಯಲ್ಲಿ ಬರಗಾಲದ ಬೇಸಿಗೆಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ಅಡಿಕೆ ಮರಗಳ ಬುಡಕ್ಕೆ ಹೊಯ್ದವರು ನಿಮ್ಮಲ್ಲಿಯೇ ಇದ್ದೀರಿ. ಉಳಿದ ಗಂಟೆ ಬಾವಿಯದ್ದು. ಅದನ್ನು ಸಸಿಗೆ ಕೊಡಬೇಡಿ.

ಕನಕಪುರದ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ, ಗುಜರಾತಿನ ಧುಂಡಿಯಲ್ಲಿ ರೈತರ ಸಹಕಾರ ಸಂಘದ ಮೂಲಕ, ಬಳಸದೆ ಉಳಿಸಿದ ಸೌರ ವಿದ್ಯುತ್ತನ್ನು ಜಾಲಕ್ಕೆ ಮಾರುವ ಪ್ರಯೋಗಗಳು ನಡೆದಿವೆ. ಪಂಪು ನಿಂತಿರುವ ಹೊತ್ತಿಗೂ ಬೆಲೆ ಸಿಕ್ಕರೆ ನಿಲ್ಲಿಸುವುದು ಸುಲಭ. ನಮ್ಮ ನಾಲ್ಕು ತಾಲ್ಲೂಕುಗಳಿಗೂ ಅಂಥದ್ದೊಂದು ಏರ್ಪಾಡು ಬೇಕೆಂಬುದು ನನ್ನ ಅಭಿಪ್ರಾಯ.

ಈ ಹಂಗಾಮಿನಲ್ಲಿ ನೀವು ಆರಂಭಿಸಬಹುದಾದ ಕೆಲಸ ಒಂದೇ. ಒಂದು ಬರೆಯುವ ಪುಸ್ತಕವನ್ನು ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ನೇತುಹಾಕಿ. ವಿದ್ಯುತ್ತು ಬಂದ ಹೊತ್ತು, ಹೋದ ಹೊತ್ತು, ಪಂಪು ಎಷ್ಟು ಗಂಟೆ ಓಡಿತು, ವೋಲ್ಟೇಜು ಎಷ್ಟಿತ್ತು, ಯಾವ ಬೆಳೆಗೆ ನೀರು ಹೋಯಿತು ಎಂದು ಹದಿನೈದು ದಿನ ಬರೆಯಿರಿ. 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿಗೆ ತುಂಬುತ್ತದೆಂದು ಒಮ್ಮೆ ಅಳೆದು ಬರೆದುಕೊಳ್ಳಿ. ಒಂದು ಟಿ.ಸಿ.ಯ ಮೇಲಿರುವ ಎಲ್ಲರ ಪುಸ್ತಕಗಳನ್ನೂ ಒಟ್ಟಿಗೆ ತೆಗೆದುಕೊಂಡು ಕತ್ತಲಗೆರೆಯ ಸಂಶೋಧನಾ ಕೇಂದ್ರಕ್ಕಾಗಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಬನ್ನಿ. ಯಾರಿಗೆ ಯಾವ ಸರದಿ ಎಂಬ ಪಟ್ಟಿಯನ್ನು ಕುಳಿತು ಒಟ್ಟಿಗೆ ಮಾಡೋಣ. ಒಬ್ಬರೇ ಬಂದರೆ ಆ ಪಟ್ಟಿ ಮಾಡಲಾಗುವುದಿಲ್ಲ.